ಅಡಿಗೆಮನೆಯ ನಾಕಾ

ಅಕ್ಕನನ್ನು ನಾನು ಒಂದು ಮಾತು ಕೇಳಬೇಕಾಗಿತ್ತು. ಅವಳ ಮನೆಯಲ್ಲಿದ್ದು, ಅವಳು ಬಡಿದ ರೊಟ್ಟಿ ತಿಂದು, ಅವಳು ಒಗೆದ ಅಂಗಿ ತೊಟ್ಟುಕೊಂಡು ವರ್ಷಗಟ್ಟಲೆ ಬದುಕಿದೆ. ಆ ಮಾತು ಮಾತ್ರ ಅಷ್ಟು ವರ್ಷ ಕೇಳಲಿಲ್ಲ. ಅದೇನು ದೊಡ್ಡ ಮಾತಲ್ಲ. ದಿನಾ ಸಂಜೆ ಅವಳು ನಮ್ಮನ್ನೆಲ್ಲ ಕೇಳುತ್ತಿದ್ದ ಮಾತೇ. "ಇವತ್ತ ನಿನಗ ಏನ್ ಚಂದ ಅನಿಸ್ತು?" ಅದನ್ನೇ ತಿರುಗಿ ಅವಳಿಗೂ ಕೇಳಬಹುದು ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯದೆ ಹೋದದ್ದು ಒಂದು ತಪ್ಪಾದರೆ, ಅದೇ ಪ್ರಶ್ನೆಗೆ ಒಂದು ದಿನ ನಾನು ಕೊಟ್ಟ ಉತ್ತರ ಅದಕ್ಕಿಂತ ದೊಡ್ಡ ತಪ್ಪು.

ಅಕ್ಕ ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಮಣ್ಣು ಕೊಟ್ಟು ಬಂದ ದಿನ ಓಣಿಯ ಹೆಂಗಸರು ಅಂಗಳದಲ್ಲಿ ಕೂತು ಮಾತಾಡಿಕೊಳ್ಳುತ್ತಿದ್ದರು. ಅವಳ ಕಷ್ಟದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಒಬ್ಬಳು ಅವಳು ಚಹಾ ಕುಡಿಯುತ್ತಿದ್ದ ರೀತಿ ಹೇಳಿದಳು, ಇನ್ನೊಬ್ಬಳು ಅವಳ ಕೌದಿಯ ಮಾತು ತೆಗೆದಳು. ಹೇಳುತ್ತ ಹೇಳುತ್ತ ನಕ್ಕುಬಿಟ್ಟರು. ಸತ್ತವರ ಮನೆಯಲ್ಲಿ ನಗಬಾರದೆಂದು ಸೆರಗು ಬಾಯಿಗೆ ಹಿಡಿದುಕೊಂಡರು, ಮತ್ತೆ ನಕ್ಕರು. ನಾನು ಮೂರನೆಯ ಇಯತ್ತೆಗೇ ಸಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆ ನಗು ಕೇಳಿದ ಮೇಲೆ ಮಾತ್ರ ಇವಳ ವಿಷಯ ಬರೆದಿಡಬೇಕು ಅನಿಸಿತು.

ನಮ್ಮದು ಹಳಿಯಾಳದ ಕಡೆ ಒಂದು ಹಳ್ಳಿ. ಅಪ್ಪನಿಗಿದ್ದ ತುಂಡು ಹೊಲದಲ್ಲಿ ಅಣ್ಣಂದಿರ ಹೊಟ್ಟೆಯೇ ತುಂಬುತ್ತಿರಲಿಲ್ಲ. ಆಗಿನ್ನೂ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಹೊಸದು. ನೋಡನೋಡುತ್ತ ಕಾಡಿನ ನಡುವೆ ಊರು ಏಳುತ್ತಿತ್ತು. ಅಕ್ಕನ ಗಂಡ ಅಲ್ಲಿ ಕಾಡಿನ ನಾಕಾದಲ್ಲಿ ಕಾವಲಿಗಿದ್ದರು. ಅಕ್ಕನ ಗಂಡನನ್ನು ನಮ್ಮಲ್ಲಿ ಮಾಮಾ ಅನ್ನುತ್ತೇವೆ. ನಾಕಾ ಅಂದರೆ ರಸ್ತೆಗೆ ಅಡ್ಡವಾಗಿ ಕಟ್ಟಿದ ಒಂದು ಉದ್ದನೆಯ ಗಳ, ಪಕ್ಕದಲ್ಲಿ ಕಾವಲಿನವರು ಕೂಡಲು ಒಂದು ಗೂಡಿನಂಥ ಕೋಲಿ. ಕಟ್ಟಿಗೆ, ಬಿದಿರು ಹೇರಿಕೊಂಡು ಬರುವ ಗಾಡಿ, ಲಾರಿಗಳೆಲ್ಲ ಅಲ್ಲಿ ನಿಲ್ಲಬೇಕು. ಪಾಸು ತೋರಿಸಿ, ಮಾಲು ತೋರಿಸಿ, ಸುಂಕದ್ದು ಏನಿದೆಯೋ ಮುಗಿಸಿದ ಮೇಲೆ ಮಾಮಾ ಗಳ ಎತ್ತುತ್ತಿದ್ದರು. ಬೆಳಗಿನಿಂದ ಸಂಜೆಯ ತನಕ ಅವರ ಕೆಲಸ ಅದೇ. ಎತ್ತುವುದು, ಇಳಿಸುವುದು. ಅವರೇ ಮಾತಾಡಿ ನನ್ನನ್ನು ಕಟ್ಟಿಗೆ ಕೊಯ್ಯುವ ಒಂದು ಮಿಲ್ಲಿಗೆ ಸೇರಿಸಿದರು.

ಮೊದಲ ದಿನದ ಸಂಜೆ ಚೆನ್ನಾಗಿ ನೆನಪಿದೆ. ದಿಮ್ಮಿ ಉರುಳಿಸಿ ಉರುಳಿಸಿ ಮೈ ನುಗ್ಗಾಗಿತ್ತು. ಕೈಕಾಲು ತೊಳೆದು ಅಡಿಗೆಮನೆಗೆ ಕಾಲಿಡಬೇಕು, ಅಕ್ಕ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಳು. ಮೊಣಕೈ ತನಕ ಜೋಳದ ಹಿಟ್ಟು.

"ನಾಕಾ ಬಂತು. ನಿಂದ್ರು."

"ಹಸಿವಾಗೈತಿ ಅಕ್ಕಾ, ಸರಿ ಆಚೆ."

"ಸುಂಕ ಕೊಟ್ಟು ಒಳಗ ಹೋಗು. ಇವತ್ತ ನಿನಗ ಏನ್ ಚಂದ ಅನಿಸ್ತು? ಒಂದು ಹೇಳು."

"ಚಂದ ಎಲ್ಲಿಂದು? ದಿಮ್ಮಿ ಉರುಳಿಸಿದೆ."

"ಮಾಲು ಖೋಟಾ. ವಾಪಸ್ ಹೋಗು."

ನನ್ನ ಹಿಂದೆ ಮಾಮಾ ತಮ್ಮ ಪಾಳಿಗೆ ಕಾಯುತ್ತ ನಿಂತಿದ್ದರು. ಮುಂದೆ ಬಾಗಿ ಕಿವಿಯಲ್ಲಿ ಅಂದರು, "ಏನರ ಒಂದು ಹೇಳಿಬಿಡಪಾ. ಇಲ್ಲಿ ವಶೀಲಿ ನಡಿಯೂದಿಲ್ಲ. ನನ್ನ ರೊಟ್ಟಿ ಬ್ಯಾರೆ ಆರಾಕತ್ತಾವು."

ನಾನು ಯೋಚಿಸಿದೆ. "ಗರಗಸ ಮರದಾಗ ಹೊಕ್ಕಾಗ ಮೊದಲ ಚೀರತೈತಿ. ನಡುವಿಗೆ ಹೋದ ಮ್ಯಾಲೆ ಹುಡುಗೋರು ಸಿಳ್ಳೆ ಹೊಡದಂಗ ಹೊಡಿತೈತಿ" ಅಂದೆ.

"ಹಾಂ! ಇದು ಮಾಲು." ಅಕ್ಕನ ಕೈ ಗಳ ಎದ್ದ ಹಾಗೆ ಮೆಲ್ಲಗೆ ಮೇಲಕ್ಕೆ ಹೋಯಿತು.

ಮಾಮಾ ತಮ್ಮ ಸುಂಕ ಕೊಟ್ಟರು. ಒಂದು ಗಾಡಿಯವನು ನಿದ್ದೆ ಹೋಗಿದ್ದನಂತೆ. ಎತ್ತುಗಳೇ ನಾಕಾ ಬಂತೆಂದು ತಾವಾಗಿ ನಿಂತವಂತೆ. ಅಕ್ಕ ಕೈ ತಟ್ಟಿ ನಕ್ಕಳು. ಅವತ್ತು ಎತ್ತುಗಳ ಹೆಸರಿನಲ್ಲಿ ಎಲ್ಲರಿಗೂ ಒಂದೊಂದು ಚೂರು ಬೆಲ್ಲ ಬಿತ್ತು.

ಈ ಸುಂಕಕ್ಕೆ ಕಾಯಿದೆಗಳಿದ್ದವು. ನಿನ್ನೆಯದು ನಡೆಯುವುದಿಲ್ಲ. ಬೇರೆಯವರು ಹೇಳಿದ್ದು ನಡೆಯುವುದಿಲ್ಲ. ಹಬ್ಬ, ಪಗಾರ, ಮದುವೆ ಇವು ಯಾವುವೂ ನಡೆಯುವುದಿಲ್ಲ. "ಅವು ಎಲ್ಲಾರಿಗೂ ಕಾಣತಾವು. ನಿನಗಷ್ಟ ಕಂಡದ್ದು ಕೊಡು" ಅನ್ನುತ್ತಿದ್ದಳು. ನಾನು ಸೋಮಾರಿತನದಿಂದ "ನಿನ್ನ ರೊಟ್ಟಿ ಚಂದ" ಅಂದರೆ "ಇದು ಲಂಚ" ಎಂದು ತಳ್ಳಿಬಿಡುತ್ತಿದ್ದಳು.

ತಾನು ಮಾತ್ರ ಇಂಥ ಸಣ್ಣ ಸಣ್ಣ ಸುಖಗಳಿಗೆ ದಿನವಿಡೀ ಜಾಗ ಮಾಡಿಕೊಡುತ್ತಿದ್ದಳು. ಅವಳ ಚಹಾದ ಮಾತನ್ನೇ ಹೇಳುತ್ತೇನೆ. ಆ ಮನೆಯ ಛಾವಣಿಯಲ್ಲಿ ಒಂದು ಹೆಂಚು ಸ್ವಲ್ಪ ಸರಿದಿತ್ತು. ಬೆಳಿಗ್ಗೆ ಕೆಲಸವೆಲ್ಲ ಒಂದು ಹದಕ್ಕೆ ಬಂದ ಹೊತ್ತಿಗೆ ಆ ಸಂದಿಯಿಂದ ಒಂದು ಬಿಸಿಲ ಬಿಲ್ಲೆ ನೆಲದ ಮೇಲೆ ಬೀಳುತ್ತಿತ್ತು. ಅಕ್ಕ ಚಹಾವನ್ನು ಬಸಿಗೆ ಸುರಿದು, ಬಸಿಯನ್ನು ಸರಿಯಾಗಿ ಆ ಬಿಸಿಲಿನಲ್ಲಿ ಇಡುತ್ತಿದ್ದಳು. ಬೆಳಕು ಚಹಾದಲ್ಲಿ ಬಿದ್ದು, ಅಲ್ಲಿಂದ ಪುಟಿದು ಗೋಡೆಯ ಮೇಲೆ ಕುಣಿಯುತ್ತಿತ್ತು. ಅದು ಕುಣಿದು ನಿಲ್ಲುವ ತನಕ ನೋಡುತ್ತ ಕೂತಿದ್ದು, ಆಮೇಲೆ ಸೊರ್ರೆಂದು ಕುಡಿಯುತ್ತಿದ್ದಳು. ಒಂದು ದಿನ ಮಾಮಾ ಏಣಿ ತಂದರು.

"ಹೆಂಚು ಸರಿ ಮಾಡತೇನಿ. ಮಂದಿ ನಕ್ಕಾರು. ಸಾಗವಾನಿ ಕಾಡಿನ ನಡುವ ಮನಿ, ಮನಿ ಮ್ಯಾಲೆ ತೂತು."

"ಮಳಿ ಬರೂ ತನಕ ಮುಟ್ಟಬ್ಯಾಡ್ರಿ. ಅದು ನನ್ನ ಚಾದ ದೀಪ."

ಮಳೆಗಾಲಕ್ಕೆ ಹೆಂಚು ಮುಚ್ಚುತ್ತಿತ್ತು. ದೀಪಾವಳಿ ಹೊತ್ತಿಗೆ ಅಕ್ಕ ತಾನೇ ಒಂದು ಕೋಲಿನಿಂದ ಅದನ್ನು ಮತ್ತೆ ಸರಿಸುತ್ತಿದ್ದಳು. ಈಗ ನನ್ನ ಮನೆಯಲ್ಲಿಯೂ ಒಂದು ಹೆಂಚು ಸರಿದೇ ಇದೆ. ನನ್ನ ಹೆಂಡತಿ ಮೊದಮೊದಲು ಬೈಯುತ್ತಿದ್ದಳು. ಈಗ ಅವಳ ಬಸಿಯೂ ಅಲ್ಲೇ ಬಂದು ಕೂತುಕೊಳ್ಳುತ್ತದೆ.

ಮಿಲ್ಲಿನಿಂದ ನಾನು ಒಲೆಗೆ ಕಟ್ಟಿಗೆಯ ಹೊಟ್ಟು ತರುತ್ತಿದ್ದೆ. ಗೋಣಿಚೀಲ ಇಳಿಸಿದ ಕೂಡಲೆ ಅಕ್ಕ ಅದರಲ್ಲಿ ಕೈ ಹಾಕಿ, ಒಂದು ಮುಷ್ಟಿ ತೆಗೆದು ಮೂಸಿ ನೋಡುತ್ತಿದ್ದಳು. ಹೊಟ್ಟು ಬೆಚ್ಚಗಿದ್ದರೆ ಮೊಣಕೈ ತನಕ ತೋಳು ಒಳಗೆ ಇಳಿಸಿ ಸುಮ್ಮನೆ ಇಟ್ಟುಕೊಂಡಿರುತ್ತಿದ್ದಳು.

"ಏನ್ ಮಾಡಾಕತ್ತಿ?"

"ಮರದ ಮೈ ಇನ್ನೂ ಬಿಸಿ ಐತಿ ನೋಡೋ. ನೀನೂ ಹಾಕು ಕೈ."

"ದಿನಾ ಅದರಾಗಽ ಬಿದ್ದಿರತೇನಿ. ನನಗ ಅದು ಕಣ್ಣಾಗ ಬೀಳೂ ಕಸ."

ಕೈ ಹಾಕಬಹುದಾಗಿತ್ತು. ಹಾಕಲಿಲ್ಲ.

ಊಟಕ್ಕೆ ಇನ್ನೊಬ್ಬ ಬರುತ್ತಿದ್ದ. ಇನಾಸ ಅಂತ, ಹಳಿಯಾಳದ ಕಡೆಯ ಕಾಡಂಚಿನ ಹಳ್ಳಿಯ ಸಿದ್ದಿ ಹುಡುಗ. ಲಾರಿಗಳಿಗೆ ಬಿದಿರು ಹೇರುವ ಕೆಲಸಕ್ಕೆ ಬಂದಿದ್ದ. ಮಾಮಾನ ನಾಕಾದಲ್ಲಿ ದಿನಾ ಲಾರಿ ನಿಲ್ಲುತ್ತಿತ್ತಲ್ಲ, ಹಾಗೆ ಪರಿಚಯ. ಅಕ್ಕ ಅವನನ್ನು ನಮ್ಮ ಸಾಲಿನಲ್ಲೇ ಕೂಡಿಸಿ ಬಡಿಸುತ್ತಿದ್ದಳು. ನಾವು ಲಿಂಗ ಕಟ್ಟಿಕೊಳ್ಳುವವರು. ಓಣಿಯ ಒಬ್ಬ ಮುದುಕಿ ಬಾಗಿಲಿಗೇ ಬಂದು, "ಅಲ್ಲಬೇ, ಅವ ಯಾವ ಜಾತಿ, ನಾವ್ಯಾವ ಜಾತಿ?" ಎಂದು ಕೇಳಿಯೇಬಿಟ್ಟಳು.

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾಕಾದಾಗ ಜಾತಿ ಕೇಳೂದಿಲ್ಲ ಯವ್ವಾ. ಮಾಲು ನೋಡತಾರ" ಅಂದಳು.

ಮಾಲಿನ ವಿಷಯದಲ್ಲಿ ಇನಾಸನೇ ನಮ್ಮೆಲ್ಲರಿಗಿಂತ ಶ್ರೀಮಂತ. ಬಾಗಿಲಿಗೆ ಬಂದು ಎದೆ ಉಬ್ಬಿಸಿ ನಿಲ್ಲುತ್ತಿದ್ದ. "ಅಕ್ಕಾರ, ಇವತ್ತ ಹೊಳ್ಯಾಗ ಮೊಸಳಿ ಆಕಳಿಸೂದು ಕಂಡೆ. ಅದನ್ನ ನೋಡಿ ನನಗೂ ಆಕಳಿಕಿ ಬಂತು. ನನ್ನ ನೋಡಿ ನಮ್ಮ ಡ್ರೈವರಗೂ ಬಂತು."

"ಸುಳ್ಳಽ ಹೇಳತಿ."

"ಸುಳ್ಳಂದ್ರ ಅರ್ಧಾ ರೊಟ್ಟಿ ಕಡಿಮಿ ಹಾಕ್ರಿ."

ಅಕ್ಕ ಅವನಿಗೆ ಯಾವತ್ತೂ ಕಡಿಮೆ ಹಾಕಲಿಲ್ಲ.

ಇನಾಸನ ತಾಯಿ ಕೌದಿ ಹೊಲಿಯುವುದರಲ್ಲಿ ಗಟ್ಟಿಗಿತ್ತಿ. ಅಕ್ಕನ ಹಳೆ ಸೀರೆಗಳನ್ನೆಲ್ಲ ಒಯ್ದು, ಮೂಲೆಮೂಲೆಗೆ ಕೆಂಪು ತುಂಡು ಇಟ್ಟು, ದೊಡ್ಡದೊಂದು ಕೌದಿ ಹೊಲಿದು ಕಳಿಸಿದ್ದಳು. ಅದನ್ನು ಒಗೆಯುವುದೆಂದರೆ ಅಕ್ಕನಿಗೆ ಜಾತ್ರೆ. ಸೂಟಿಯ ದಿನ ಬುತ್ತಿ ಕಟ್ಟಿಕೊಂಡು ನಮ್ಮನ್ನೆಲ್ಲ ಮೌಳಂಗಿಯ ಹೊಳೆಗೆ ಹೊರಡಿಸುತ್ತಿದ್ದಳು. ನೀರು ಕುಡಿದ ಕೌದಿ ಎಮ್ಮೆಯಷ್ಟು ಭಾರವಾಗುತ್ತದೆ. ನಾನೊಂದು ಕಡೆ, ಇನಾಸ ಒಂದು ಕಡೆ ಹಿಡಿದು ಹಿಂಡಿ ಬಂಡೆಯ ಮೇಲೆ ಹಾಸುತ್ತಿದ್ದೆವು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಕೌದಿ ಒಣಗಿ ಹಪ್ಪಳವಾಗಿರುತ್ತಿತ್ತು. ಕೆಳಗೆ ಬಂಡೆಯೂ ಕಾದಿರುತ್ತಿತ್ತು. ಅಕ್ಕ ಸುತ್ತಮುತ್ತ ಹೊರಗಿನವರು ಯಾರೂ ಇಲ್ಲವೆಂದು ನೋಡಿಕೊಂಡು ಅದರ ಮೇಲೆ ಬೋರಲಾಗಿ ಮಲಗಿ, ಕೆನ್ನೆ ಒತ್ತಿ ಕಣ್ಣು ಮುಚ್ಚುತ್ತಿದ್ದಳು.

"ಏಳ ಬೇ, ಕತ್ತಲಾಗತೈತಿ. ಹೋಗೂಣು" ಅನ್ನುತ್ತಿದ್ದೆ ನಾನು.

"ತಡಿಯೋ. ಬಿಸಿಲು ಇನ್ನೂ ಸ್ವಲ್ಪ ಉಳದೈತಿ. ಇದನ್ನ ಬಿಟ್ಟು ಹೋಗಾಕ ಮನಸಾಗವಲ್ದು."

ಮಾಮಾ ಸ್ವಲ್ಪ ದೂರದಲ್ಲಿ ಕೂತು ಅವಳನ್ನು ನೋಡುತ್ತಿದ್ದರು. ಆಗ ಅವರ ಮುಖದಲ್ಲಿ ಇರುತ್ತಿದ್ದದ್ದು ಏನೆಂದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ.

ಅಕ್ಕನಿಗೆ ಎರಡು ಹೆರಿಗೆಯಾಗಿದ್ದವು. ಎರಡು ಕೂಸುಗಳೂ ಉಳಿದಿರಲಿಲ್ಲ. ನಾನು ದಾಂಡೇಲಿಗೆ ಬರುವ ಮೊದಲಿನ ಮಾತು ಅದು. ಆ ಮನೆಯಲ್ಲಿ ಅದನ್ನು ಯಾರೂ ಎತ್ತುತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಆದರೆ ಗೊತ್ತಿತ್ತು. ಗೊತ್ತಿದ್ದೂ ಅಂಥ ಮಾತು ಆಡಿದೆ ಅನ್ನುವುದೇ ನನ್ನನ್ನು ಇವತ್ತಿಗೂ ತಿನ್ನುವುದು.

ಒಂದು ಬೇಸಗೆ, ನನ್ನದೇ ಅಜಾಗರೂಕತೆಯಿಂದ ಎಡಗೈ ಗರಗಸಕ್ಕೆ ಸಿಕ್ಕಿ ಎರಡು ಬೆರಳಿನ ತುದಿ ಹೋದವು. ಗಾಯ ಮಾಯುವ ತನಕ ಅಕ್ಕ ತುತ್ತು ಕಲಸಿ ಕೊಟ್ಟಳು. ಅದೇ ಹೊತ್ತಿಗೆ ನಮ್ಮ ಕಡೆಯದೊಂದು ಹುಡುಗಿಯ ಮನೆಯವರು ನನ್ನನ್ನು ನೋಡಿ ಒಪ್ಪಿ ಹೋಗಿದ್ದರು. ಕೈಯ ಸುದ್ದಿ ಮುಟ್ಟಿದ ಮೇಲೆ ಅವರು ಸುಮ್ಮನಾದರು. ಕಡೆಗೆ ಒಂದು ದಿನ ಹಳಿಯಾಳದ ಸಂತೆಗೆ ಹೋಗಿದ್ದವರ ಕೂಡ "ಬ್ಯಾರೆ ಕಡೆ ನೋಡ್ಕೊಳ್ರಿ" ಎಂದು ಹೇಳಿಕಳಿಸಿದರು. ಆ ಮಾತು ನನ್ನ ಕಿವಿಗೆ ಬಿದ್ದದ್ದು ಮಿಲ್ಲಿನಲ್ಲಿ, ಎಲ್ಲರ ಎದುರಿಗೆ.

ಆ ಸಂಜೆಯೂ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ದಿನಾ ಅದೇ ಜಾಗದಲ್ಲಿ ಕೈ ಊರಿ ಊರಿ ಚೌಕಟ್ಟಿನ ಮೇಲೆ ಹಿಟ್ಟಿನ ಬಿಳಿ ಗುರುತು ಬಿದ್ದಿತ್ತು. ಕೈ ಅಲ್ಲೇ ಇತ್ತು.

"ನಾಕಾ ಬಂತು, ತಮ್ಮಾ."

"ದಾರಿ ಬಿಡು."

"ಸಣ್ಣದರ ಒಂದು ಹೇಳೋ. ಇವತ್ತರ ಹೇಳಬೇಕು. ಇವತ್ತ ಹೇಳಿದ್ರನಽ ಅದು ಸುಂಕ." ಅವಳಿಗೆ ಸುದ್ದಿ ಆಗಲೇ ಗೊತ್ತಿತ್ತು. ಅವಳ ದನಿಯಿಂದಲೇ ತಿಳಿಯಿತು. ಆ ಮರುಕ ಕೇಳಿ ನನ್ನ ತಲೆ ಕೆಟ್ಟಿತು.

"ಒಂದೂ ಕೂಸು ದಕ್ಕಲಿಲ್ಲ ಅಂತ ನಮ್ಮನ್ನ ಕೂಸು ಮಾಡಿ ಆಡಸ್ತೀಯೇನು? ಬಿಡು, ನಿನ್ನ ಆಟಕ್ಕ ನಾ ಸಿಗೂದಿಲ್ಲ."

ಹಿಂದೆ ಮಾಮಾ ಇದ್ದರು, ಇನಾಸ ಇದ್ದ. ಅಕ್ಕ ನನ್ನ ಮುಖ ನೋಡಿದಳು. ಕೈ ಮೇಲಕ್ಕೆ ಏಳಲಿಲ್ಲ, ತನ್ನಷ್ಟಕ್ಕೆ ಕೆಳಗೆ ಇಳಿಯಿತು. ಪಕ್ಕಕ್ಕೆ ಸರಿದು ನಿಂತು, "ಬಾ, ಉಣ್ಣು" ಅಂದಳು. ರೊಟ್ಟಿಗೆ ಬೆಣ್ಣೆ ಹಾಕಿದಳು. ನಾನು ಉಂಡೆ.

ಮರುದಿನ ಅವಳು ಆಟ ನಿಲ್ಲಿಸಿರುತ್ತಾಳೆ ಅಂದುಕೊಂಡಿದ್ದೆ. ನಿಲ್ಲಿಸಿರಲಿಲ್ಲ. ಇನಾಸನನ್ನು ತಡೆದಳು, ಕೇಳಿದಳು, ನಕ್ಕಳು. ಮಾಮಾನನ್ನು ತಡೆದಳು. ನಾನು ಬಂದಾಗ ಮಾತ್ರ ಬಾಗಿಲು ಬಿಟ್ಟು ಒಲೆಯ ಕಡೆ ತಿರುಗಿದಳು. ಅದರ ಮರುದಿನವೂ ಹಾಗೇ. ಮುನಿಸಿರಲಿಲ್ಲ. ಅಂಗಿ ಒಗೆದಿಡುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಗಾಯದ ಬೆರಳು ಹಿಡಿದು ನೋಡುತ್ತಿದ್ದಳು. ಸುಂಕ ಮಾತ್ರ ಕೇಳಲಿಲ್ಲ. ಆ ಬಾಗಿಲಲ್ಲಿ ನಾನು ತಡೆಯಿಲ್ಲದೆ ಒಳಗೆ ಹೋಗುವವನಾದೆ.

ಇನಾಸ ಒಮ್ಮೆ ತಿಳಿಯಾಗಿಸಲು ನೋಡಿದ. "ಏನೋ, ನಿನಗ ಕಾಯಂ ಪಾಸ್ ಕೊಟ್ಟಾರೇನು? ನಾವು ಸುಂಕ ಕೊಟ್ಟು ಕೊಟ್ಟು ಸಾಯಾಕತ್ತೇವಿ."

"ಅವಂದು ಬಿಡು ಇನಾಸ. ರೊಟ್ಟಿ ಆರತಾವು" ಅಂದಳು ಅಕ್ಕ.

ತಪ್ಪಾಯಿತು ಅನ್ನಲು ನನಗೆ ದಿನಾ ಒಂದು ಬಾಗಿಲು ಇತ್ತು. ದಿನಾ ಅದನ್ನು ದಾಟಿ ಹೋಗಿ ಕೂತು ಉಂಡೆ. ವರ್ಷ ದಾಟಿತು. ಇನ್ನೊಂದು ದಾಟಿತು.

ಅಷ್ಟರಲ್ಲಿ ಮುಂಡಗೋಡದ ಹತ್ತಿರ ಟಿಬೆಟ್ಟಿನಿಂದ ಬಂದವರಿಗೆ ಮನೆಗಳು ಏಳತೊಡಗಿದ್ದವು. ಬಾಗಿಲು, ಕಿಟಕಿ ಕೂಡಿಸುವ ಕೆಲಸಕ್ಕೆ ಮಂದಿ ಬೇಕೆಂದು ಒಬ್ಬ ಗುತ್ತಿಗೆದಾರ ಕೇಳುತ್ತ ಬಂದ. ಮಿಲ್ಲಿನಲ್ಲಿ ಮರದ ಕೆಲಸ ಅಷ್ಟಿಷ್ಟು ಕಲಿತಿದ್ದೆ. ಹೊರಟುಬಿಟ್ಟೆ. ನಿಜ ಹೇಳಬೇಕೆಂದರೆ ಕೆಲಸಕ್ಕಿಂತ ಹೆಚ್ಚಾಗಿ ಆ ಅಡಿಗೆಮನೆಯ ಬಾಗಿಲಿನಿಂದ ಓಡಿಹೋದೆ. ಹೊರಡುವಾಗ ಅಕ್ಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಆ ದೊಡ್ಡ ಕೌದಿಯನ್ನು ಮಡಿಚಿ ತಲೆಯ ಮೇಲಿಟ್ಟಳು.

"ನಿನಗ?"

"ನನಗ ಇನಾಸನ ಅವ್ವ ಇನ್ನೊಂದು ಹೊಲಿದು ಕೊಡತಾಳ. ವಾರಕ್ಕೊಮ್ಮೆ ಬಿಸಿಲಿಗೆ ಹಾಕು. ಮರೀಬ್ಯಾಡ."

ಟಿಬೆಟನ್ ಕಾಲೊನಿಯಲ್ಲಿ ಕಾಡು ಕಡಿದ ಹೊಸ ನೆಲ, ಸಾಲುಸಾಲು ಮನೆ. ಅವರ ಮಾತು ನಮಗೆ ತಿಳಿಯದು, ನಮ್ಮದು ಅವರಿಗೆ ತಿಳಿಯದು. ಒಂದು ಮನೆಗೆ ಬಾಗಿಲು ಕೂಡಿಸುತ್ತಿದ್ದಾಗ ಆ ಮನೆಯ ಮುದುಕಿ ಒಂದು ಬಟ್ಟಲು ಚಹಾ ತಂದು ಕೊಟ್ಟಳು. ಮೇಲೆ ಬೆಣ್ಣೆ ತೇಲುತ್ತಿತ್ತು. ಬೆಣ್ಣೆ ಕಂಡು 'ಅಬ್ಬಾ, ಎಂಥ ಮರ್ಯಾದೆ' ಎಂದುಕೊಂಡು ದೊಡ್ಡ ಗುಟುಕು ಕುಡಿದೆ. ಉಪ್ಪು! ನುಂಗಲೂ ಆಗದೆ, ಉಗುಳಲೂ ಆಗದೆ ಕಣ್ಣು ಅಗಲಿಸಿ ನಿಂತೆ. ಮುದುಕಿ ನನ್ನ ಮುಖ ನೋಡಿ ನಗತೊಡಗಿದಳು. ನಕ್ಕು ನಕ್ಕು ಹೊಸ ಹೊಸ್ತಿಲ ಮೇಲೆ ಕೂತುಬಿಟ್ಟಳು. ನನಗೂ ನಗು ಬಂತು. ಮೂಗಿನಿಂದ ಚಹಾ ಬಂತು. ಆಮೇಲೆ ಅವಳು ನನ್ನ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದಳು. ಅಲ್ಲಿ ಗೋವಿನಜೋಳ ತೆನೆ ಬಿಟ್ಟಿತ್ತು. ತೆನೆಯ ತುದಿಯಲ್ಲಿ ರೇಷ್ಮೆಯಂಥ ಕೂದಲು. ಅದನ್ನು ತನ್ನ ಕೆನ್ನೆಗೆ ಒರೆಸಿಕೊಂಡು ತೋರಿಸಿ, ನನ್ನ ಕೆನ್ನೆಗೂ ಒರೆಸಿದಳು.

ಆ ಸಂಜೆ ಗುತ್ತಿಗೆದಾರನ ಗುಡಿಸಲಿನಲ್ಲಿ ಊಟಕ್ಕೆ ಕೂತೆ. ಅನ್ನ ಬಡಿಸುವವನು ಬಡಿಸಿಕೊಂಡು ಮುಂದೆ ಹೋದ. ನನ್ನ ಬಾಯಲ್ಲಿ ಒಂದು ಮಾತು ಬಂದು ನಿಂತಿತ್ತು. ಉಪ್ಪು ಚಹಾ, ಗೋವಿನಜೋಳದ ಕೂದಲು. ಸುಂಕ ಕಟ್ಟಲು ಇಂಥ ಮಾಲು ನನ್ನ ಕೈಗೆ ಯಾವತ್ತೂ ಸಿಕ್ಕಿರಲಿಲ್ಲ. ಕೇಳುವವರು ಇರಲಿಲ್ಲ.

ಅಲ್ಲಿಂದ ನನ್ನ ಕಣ್ಣು ಬೇರೆಯಾಯಿತು. ಬೆಳಗಾದರೆ ಇವತ್ತಿನದು ಏನು ಎಂದು ಹುಡುಕುವುದು ರೂಢಿಯಾಯಿತು. ಹೊಸ ಬಾಗಿಲು ಮೊದಲ ಸಲ ಮುಚ್ಚಿದಾಗ ಬರುವ ಮೆತ್ತನೆಯ ಸದ್ದು. ರಂಧ್ರ ಕೊರೆದಾಗ ಸುರುಳಿಯಾಗಿ ಬರುವ ಮರದ ಸಿಪ್ಪೆ. ಒಂದು ದಿನ ಯಾರೂ ಹೇಳದೆ ಹೊಟ್ಟಿನ ರಾಶಿಯಲ್ಲಿ ಕೈ ಇಳಿಸಿದೆ. ಬೆಚ್ಚಗಿತ್ತು. ಈ ಜನ್ಮದಲ್ಲಿ ನನಗೆ ಸಿಕ್ಕ ಸುಖಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಕ ಬಾಗಿಲಲ್ಲಿ ತಡೆದು ಕಲಿಸಿದ್ದರಿಂದ ಸಿಕ್ಕವು. ಹೊಟ್ಟೆಗೆ ಹಾಕಿದ್ದನ್ನು ಯಾರಾದರೂ ಹಾಕಿಯಾರು. ಇದನ್ನು ಯಾರು ಕಲಿಸುತ್ತಾರೆ?

ಒಂದು ಮಧ್ಯಾಹ್ನ ಕಾಲೊನಿಗೆ ಬಿದಿರಿನ ಲಾರಿ ಬಂತು. ಮೇಲಿನಿಂದ ಇನಾಸ ಧುಮುಕಿದ.

"ಅಕ್ಕಾರಿಗೆ ಚಳಿಜ್ವರ. ಮಲಗ್ಯಾರ. ನಾಕಾ ಬಂದ್ ಐತಿ ನೋಡು. ಮಾಮಾ ಹೊಟೇಲಿನ ಪಾವು ತಿನ್ನಾಕತ್ತಾರ."

"ಕೇಳಿದ್ಲೇನು ನನ್ನ?"

"ಜ್ವರದಾಗ ಒಮ್ಮೆ ಕೇಳಿದ್ರು. ಅವ ಕೌದಿ ಬಿಸಿಲಿಗೆ ಹಾಕತಾನೋ ಇಲ್ಲೋ ಅಂತ." ಇನಾಸ ನನ್ನ ಕಡೆ ನೋಡಲಿಲ್ಲ. "ಲಾರಿ ನಾಳೆ ಮುಂಜಾನಿ ಖಾಲಿ ಹೋಗತೈತಿ. ಬರೂದಿದ್ರ ಬಾ. ಬರಲಾರದಿದ್ರ ಅದನ್ನೂ ಹೇಳು, ನಾ ಅವ್ರಿಗೆ ಏನರ ಸುಳ್ಳು ಹೇಳಬೇಕಾಗತೈತಿ."

ಹೋದೆ. ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಲಾರಿ ದಾಂಡೇಲಿಯ ನಾಕಾದಲ್ಲಿ ನಿಂತಿತು. ಗಳದ ಪಕ್ಕ ಮಾಮಾ. ಸೊರಗಿದ್ದರು.

"ಮಾಲು ಏನೈತಿ?"

"ಖಾಲಿ ರೀ ಮಾಮಾ. ಒಬ್ಬ ಮನಶ್ಯಾ ಅದಾನ" ಅಂದ ಇನಾಸ.

ಮಾಮಾ ಒಳಗೆ ಬಗ್ಗಿ ನೋಡಿದರು. ನಾನು ಇಳಿದೆ. ಗಳ ಎತ್ತಿ ಲಾರಿ ಬಿಟ್ಟರು, ನನ್ನನ್ನು ನಿಲ್ಲಿಸಿಕೊಂಡರು. ಮಾಮಾ ಹೆಚ್ಚು ಮಾತಾಡುವವರಲ್ಲ. ಗಳದ ಹಗ್ಗ ಹಿಡಿದುಕೊಂಡೇ ಅಂದರು:

"ನೀ ಅವತ್ತ ಅಂದದ್ದು ಖರೇನಽ ಐತಿ ತಮ್ಮಾ. ಕೂಸು ದಕ್ಕಲಿಲ್ಲ ಅಂತಽ ಆ ಆಟ ಹುಟ್ಟಿದ್ದು. ಆದ್ರ ಆಕಿ ಆಡಿಸಿದ್ದು ನಿನ್ನಲ್ಲ. ನನ್ನ."

ಮಾಮಾ ಹಗ್ಗವನ್ನು ಗೂಟಕ್ಕೆ ಸುತ್ತಿದರು.

"ಎರಡನೇದು ಹೋದ ಮ್ಯಾಲೆ ನಾ ಮಾತಾಡೂದು ಬಿಟ್ಟಿದ್ದೆ. ಬರೂದು, ಉಣ್ಣೂದು, ಮಲಗೂದು. ಒಂದಿನ ಆಕಿ ಬಾಗಲಾಗ ಅಡ್ಡ ನಿಂತ್ಲು. ಏನರ ಒಂದು ಚಂದಂದು ಹೇಳು, ಇಲ್ಲಂದ್ರ ರೊಟ್ಟಿ ಇಲ್ಲ ಅಂದ್ಲು. ನನಗ ಸಿಟ್ಟು ಬಂತು. ಬಾಯಿ ಬಿಡಲಿಲ್ಲ. ಆಕಿನೂ ಕೈ ತಗೀಲಿಲ್ಲ. ಹಂಚಿನ ಮ್ಯಾಲೆ ರೊಟ್ಟಿ ಕರಕಾಗಿ ಹೊಗಿ ತುಂಬಿತು. ಕಡೀಗೆ ಹೇಳಿದೆ. ಇವತ್ತ ಒಂದು ಸಣ್ಣ ಹಕ್ಕಿ ಗಳದ ಮ್ಯಾಲೆ ಕುಂತಿತ್ತು, ಎತ್ತಾಕ ಮನಸಾಗಲಿಲ್ಲ, ಅದು ಹಾರೂ ತನಕ ಲಾರಿ ನಿಂದ್ರಸಿದೆ ಅಂತ. ಆಕಿ ಅಳಾಕತ್ಲು. ನಾನೂ ಅತ್ತೆ. ಎರಡು ಕೂಸು ಹೋದ್ರೂ ಇಬ್ರೂ ಕೂಡಿ ಅತ್ತದ್ದು ಅವತ್ತಽ ಮೊದಲು."

"ಆಕಿಗೆ ಯಾರು ಕೇಳತಿದ್ರು ಮಾಮಾ? ಆಕಿ ಸುಂಕ?"

ಮಾಮಾ ಗಳದ ಕಡೆ ತಿರುಗಿದರು. "ಯಾರೂ ಇಲ್ಲ. ನನಗೂ ಹೊಳೀಲಿಲ್ಲ ನೋಡು" ಅಂದರು. "ಹೋಗು. ಜ್ವರ ಇವತ್ತ ಇಳದೈತಿ."

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಬಿಸಿಲ ಬಿಲ್ಲೆ ಆಗಲೇ ನೆಲ ಬಿಟ್ಟು ಗೋಡೆ ಹತ್ತಿತ್ತು. "ಬಂದಿ?" ಅಂದಳು. "ಕೈಕಾಲು ತೊಳಿ. ಉಣ್ಣಾಕ ಏನೂ ಇಲ್ಲ, ತಡಿ, ಏಳತೇನಿ."

"ನೀ ಕುಂದ್ರು. ನಾ ಮಾಡತೇನಿ."

"ನೀನು? ರೊಟ್ಟಿ?"

ಒಲೆಗೆ ಹೊಟ್ಟು ತುಂಬಿದೆ. ನೀರು ಕಾಯಿಸಿ ಹಿಟ್ಟಿಗೆ ಹಾಕಿದೆ. ಹೆಚ್ಚಾಯಿತು. ಹಿಟ್ಟು ಸುರಿದೆ, ಅದೂ ಹೆಚ್ಚಾಯಿತು. ಬಡಿದರೆ ಅಂಚು ಒಡೆಯುತ್ತಿತ್ತು, ಎತ್ತಿದರೆ ನಡುವೆ ಹರಿಯುತ್ತಿತ್ತು. ಹೊಗೆಗೆ ಅಕ್ಕ ಕೆಮ್ಮುತ್ತ ಗೋಡೆ ಹಿಡಿದುಕೊಂಡು ಅಡಿಗೆಮನೆಯ ಬಾಗಿಲ ತನಕ ಬಂದಳು. ಹಿಟ್ಟು ನಾದುವ ಪರಾತದ ಕಡೆ ನೋಡಿದಳು.

"ಯಪ್ಪಾ, ಇದು ರೊಟ್ಟಿಯೋ ಎತ್ತಿನ ಕಿವಿಯೋ?"

ಒಳಗೆ ಬರಲು ಕಾಲೆತ್ತಿದಳು. ನಾನು ಎದ್ದು ಹೋಗಿ ಬಾಗಿಲಿಗೆ ಅಡ್ಡ ಕೈ ಚಾಚಿದೆ. ಮೊಣಕೈ ತನಕ ಹಿಟ್ಟು. ಚೌಕಟ್ಟಿನ ಮೇಲಿನ ಹಳೆಯ ಬಿಳಿ ಗುರುತು ಮಾಸಿತ್ತು. ನನ್ನ ಮೊಂಡು ಬೆರಳು ಅದರ ಮೇಲೆಯೇ ಕೂತವು.

"ನಾಕಾ ಬಂತು" ಅಂದೆ.

ಅಕ್ಕ ನಗಲಿಲ್ಲ. "ನನಗ್ಯಾಕೋ? ನಾ ನಾಕಾದಾಕಿ."

"ನಾಕಾದವರೂ ಉಣ್ಣತಾರ. ಇವತ್ತ ನಿನಗ ಏನ್ ಚಂದ ಅನಿಸ್ತು? ಹೇಳು."

ಅವಳು ಚೌಕಟ್ಟಿಗೆ ಒರಗಿ ನಿಂತಳು. ಎಲ್ಲರಿಂದ ಅಷ್ಟು ಸಲೀಸಾಗಿ ಹೇಳಿಸುತ್ತಿದ್ದವಳಿಗೆ ತನ್ನದು ಹೇಳಲು ನಾಲಿಗೆ ಏಳಲಿಲ್ಲ. ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ನಾನು ಕೈ ತೆಗೆಯಲಿಲ್ಲ.

"ಮುಂಜಾನಿ ಜ್ವರ ಬಿಡ್ತು" ಅಂದಳು ಕಡೆಗೆ. "ಮೈ ತುಂಬ ಬೆವರು ಬಂತು. ಆ ಹಸಿ ಬೆವರಿನ ಮ್ಯಾಲೆ ಕಿಡಕಿಯಿಂದ ಒಂದು ಸುಳಿ ಗಾಳಿ ಬಂತು ನೋಡು. ಎಷ್ಟ ತಂಪಾತು ಅಂತಿ! ಎಷ್ಟ ಚಂದ ಅನಿಸ್ತು ಅಂತಿ! ಯಾರಿಗರ ಹೇಳಬೇಕಂತ ಮಾಡಿದೆ. ಮನ್ಯಾಗ ಯಾರೂ ಇರಲಿಲ್ಲ."

ಹೇಳಿ ನನ್ನ ಕೈ ಏಳುವುದನ್ನು ಕಾಯುತ್ತ ನಿಂತಳು. ಏಳಲಿಲ್ಲ.

"ದಾರಿ ಬಿಡೋ ಮಳ್ಳಾ. ಮಾಲು ಖರೇದು ಕೊಟ್ಟೇನಿ."

"ಬಿಡತೇನಿ. ಮೊದಲ ನಂದು ಕೇಳು" ಅಂದೆ. "ಅಕ್ಕಾ, ಅವತ್ತ ಇದಽ ಬಾಗಲಾಗ ಕೂಸಿನ ಮಾತು ಆಡಿದೆ. ತಪ್ಪಾತು. ಎಲ್ಲಾರ ಚಂದಾನೂ ನೀ ಕೇಳಿದಿ, ನಿಂದು ನಾ ಒಂದಿನಾನೂ ಕೇಳಲಿಲ್ಲ. ಅದೂ ತಪ್ಪಾತು."